ಬಿಸಿಲಿಗೆ ಮಾತ್ರ ಕಾಣುವ ಬೆಂಕಿ

ಮೂರು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಆಗ ನಾನು ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಬದಿಯಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಶೆಡ್ ನಡೆಸುತ್ತಿದ್ದೆ. ಹತ್ತೊಂಬತ್ತನೆಯ ವಯಸ್ಸಿಗೆ ಸ್ಪ್ರೇ ಗನ್ ಹಿಡಿದವನು, ಆ ಹೊತ್ತಿಗೆ ಮೂವತ್ತೇಳು ವರ್ಷ ಅದೇ ಕೆಲಸ ಮಾಡಿದ್ದೆ. ಸಿಮೆಂಟ್ ಸಾಗಿಸುವ ಬಲ್ಕರ್‌ಗಳು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿಗಳು, ಶಾಲೆಯ ಬಸ್ಸುಗಳು, ಟ್ರ್ಯಾಕ್ಟರ್‌ಗಳು ಚಿತ್ತಾಪುರ, ಸೇಡಂ ಕಡೆಯಿಂದಲೂ ನನ್ನ ಶೆಡ್ಡಿಗೇ ಬರುತ್ತಿದ್ದವು. 'ಪೇಂಟರ್ ಸೂರ್ಯಕಾಂತ' ಅಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ದಾರಿ ತೋರಿಸುತ್ತಿದ್ದರು. ಆ ಹೆಸರಿನ ಬಗ್ಗೆ ನನಗಿದ್ದ ಅಭಿಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲಿ ಅದರ ಪಾಲು ದೊಡ್ಡದು.

ನಮ್ಮ ಕಡೆ ಈ ಕಸುಬಿಗೆ ಧೂಳೇ ವೈರಿ. ಗಾಳಿಯಲ್ಲೇ ಸಿಮೆಂಟಿನ, ಕಲ್ಲಿನ ಪುಡಿ ಇರುತ್ತದೆ. ಹಸಿ ಬಣ್ಣದ ಮೇಲೆ ಒಂದು ಕಣ ಕೂತರೂ ಒಣಗಿದ ಮೇಲೆ ಅದು ನುಚ್ಚಿನ ಹಾಗೆ ಕೈಗೆ ತಾಗುತ್ತದೆ. ಅದಕ್ಕಾಗಿ ಶೆಡ್ಡಿನ ಹಿಂಭಾಗದಲ್ಲಿ ನಾನೊಂದು ಬೂತ್ ಕಟ್ಟಿಸಿದ್ದೆ. ನಾಲ್ಕೂ ಕಡೆ ಮುಚ್ಚಿದ ಕೋಣೆ, ಒಳಗಿನ ಹೊಗೆ ಎಳೆಯಲು ಫ್ಯಾನ್, ಬರುವ ಗಾಳಿಗೆ ಫಿಲ್ಟರ್ ಬಟ್ಟೆ, ನೆಲಕ್ಕೆ ಫರ್ಸಿ. ಕೆಲಸಕ್ಕೆ ಮುಂಚೆ ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುತ್ತಿರಲಿಲ್ಲ. ಅಂಥ ಬೂತ್ ನಾನು ಬಲ್ಲಂತೆ ಸುತ್ತಲಿನ ಯಾರ ಹತ್ತಿರವೂ ಇರಲಿಲ್ಲ.

ಒಂದು ಬೆಳಿಗ್ಗೆ ಬಣ್ಣ ಮಾಸಿದ ಹಳೆಯ ಜೀಪೊಂದು ಬಂದು ನಿಂತಿತು. ಇಳಿದವರು ಡಾಕ್ಟರ್ ವಸುಧಾ. ಸೇಡಂನವರು. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಸುತ್ತಲಿನ ಹಳ್ಳಿಗಳಲ್ಲಿ ದನಕರುಗಳಿಗೆ ಔಷಧೋಪಚಾರ ಮಾಡುವ ಪಶುವೈದ್ಯೆ. ನಲವತ್ತರ ಆಸುಪಾಸಿನ ವಯಸ್ಸು. ಜೀಪಿನ ಹಿಂದಿನ ಸೀಟಿನಲ್ಲಿ ಗಂಬೂಟು, ಹಗ್ಗ, ಔಷಧಿಯ ಪೆಟ್ಟಿಗೆ.

"ಪೂರಾ ಕರಿ ಬಣ್ಣ ಹೊಡೀರಿ," ಎಂದರು. "ಬಾನೆಟ್ ಮ್ಯಾಲ ಬೆಂಕಿ ಉರಿ ಬರೀರಿ. ಆದ್ರ ಅದು ಕಾಣಬಾರದು."

"ಕಾಣಬಾರದಂದ್ರ ಯಾಕ ಬರೀಬೇಕ್ರಿ?" ಎಂದೆ.

ಅವರು ನಕ್ಕರು. ಅವರ ತಂದೆ ಗೋವಿಂದಾಚಾರ್ಯರು ಬಹಳ ಕಾಲ ದೇವಸ್ಥಾನದ ಸೇವೆಯಲ್ಲಿದ್ದವರಂತೆ. "ಗಾಡಿ ಮ್ಯಾಲ ಬೆಂಕಿ ಬರದ್ರ ಅಪಶಕುನ ಅಂತಾರ ನಮ್ಮಪ್ಪ. ವಾರಕ್ಕೊಮ್ಮೆ ಅವರ್ನ ಇದೇ ಜೀಪಿನಾಗ ಗುಡಿಗಿ ಕರ್ಕೊಂಡು ಹೋಗಬೇಕು. ಅವರು ಹತ್ತುವಾಗ ಕಾಣಬಾರದು, ನಾ ಹೊಡಿಯುವಾಗ ಕಾಣಬೇಕು. ನೆರಳಾಗ ಬರೀ ಕರಿ, ಬಿಸಿಲಿಗಿ ಬಂದ್ರ ಉರಿ. ಆಗ್ತದೇನ್ರಿ?"

"ಅಷ್ಟು ಆಸಿ ಯಾಕ್ರಿ ಮೇಡಂ ಬೆಂಕಿದು?"

"ಹದಿನಾರು ವರ್ಷದಿಂದ ಈ ಗಾಡಿ ಬಂದ್ರ ದನದ ಡಾಕ್ಟ್ರಮ್ಮ ಬಂದ್ಳು ಅಂತಾರ. ಈ ಗಾಡ್ಯಾಗ ನನಗಂತ ಒಂದು ಏನರ ಇರ್ಲಿ ಅನಿಸ್ಯದ. ಅಷ್ಟೇ."

"ಆಗ್ತದ್ರಿ, ಯಾಕ ಆಗಂಗಿಲ್ಲ," ಎಂದುಬಿಟ್ಟೆ. ಅಂಥ ಕೆಲಸ ಅದುವರೆಗೆ ನಾನು ಕಣ್ಣಿಂದ ಕೂಡ ನೋಡಿರಲಿಲ್ಲ. ಯುಗಾದಿಯೊಳಗೆ ಕೊಡಬೇಕೆಂದು ಮಾತಾಯಿತು. ಮೂರು ವಾರದ ಮೇಲೆ ಸ್ವಲ್ಪ ಸಮಯವಿತ್ತು.

ಲಾರಿಗಳ ಮೇಲೆ ಕೆಂಪು, ಹಳದಿ ಜ್ವಾಲೆ ಬರೆದು ನನಗೆ ಅಭ್ಯಾಸವಿತ್ತು. ಅದನ್ನೇ ಮಂಕು ಮಾಡಿದರೆ ಆಯಿತು ಎಂದುಕೊಂಡೆ. ಗುಜರಿಯಿಂದ ತಂದ ಮೂರು ಹಳೆಯ ಬಾನೆಟ್‌ಗಳ ಮೇಲೆ ನಮೂನೆ ಮಾಡಿದೆ. ಕಪ್ಪಿಗೆ ಸ್ವಲ್ಪ ಕೆಂಪು ಬೆರೆಸಿ ಮೊದಲನೆಯದನ್ನು ಬರೆದೆ. ವಸುಧಾ ಬಂದು ನೋಡಿ, "ಇದು ನೆರಳಾಗೂ ಕಾಣ್ತದಲ್ರಿ," ಎಂದರು. ಎರಡನೆಯದಕ್ಕೆ ಕೆಂಪು ಕಡಿಮೆ ಮಾಡಿದೆ. ಅದು ಬಿಸಿಲಿನಲ್ಲೂ ಕಾಣಲಿಲ್ಲ. ಮೂರನೆಯದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಉರಿ ಅನಸ್ವಲ್ದು. ಎಣ್ಣಿ ಕಲಿ ಇದ್ದಂಗ ಅದ," ಎಂದರು.

ನಾನು ಆ ಬಾನೆಟ್ಟನ್ನು ಗೋಡೆಗೆ ಒರಗಿಸಿಟ್ಟೆ. ಅವರೇ ಮುಂದುವರಿದು, "ಶಹಾಬಾದಿನಾಗ ಗೌತಮ ಅಂತ ಒಬ್ಬರು ಇದನ್ನ ಮಾಡ್ತಾರಂತಲ್ಲ? ನಿಮಗ ಗುರ್ತು ಅದರೇನು?" ಎಂದು ಕೇಳಿದರು.

ಗುರುತಿಲ್ಲದೆ ಏನು! ಸನ್ನತಿಯ ಗೌತಮ ಹನ್ನೊಂದು ವರ್ಷ ನನ್ನ ಶೆಡ್ಡಿನಲ್ಲೇ ಕೆಲಸ ಮಾಡಿದವನು. ಅವನಿಗೆ ಗನ್ ಹಿಡಿಯುವುದನ್ನು ಕಲಿಸಿದ್ದು ನಾನು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ಬೈಕುಗಳಿಗೆ ವಿಶೇಷ ಬಣ್ಣ ಹಾಕುವ ಕಡೆ ನಾಲ್ಕು ವರ್ಷವಿದ್ದು, ಏರ್‌ಬ್ರಶ್ ಕಲಿತು, ಆಗ್ಗೆ ಎರಡು ವರ್ಷದ ಹಿಂದೆ ತಿರುಗಿ ಬಂದು ಶಹಾಬಾದಿನಲ್ಲಿ ಸಣ್ಣ ಅಂಗಡಿ ಹಾಕಿದ್ದ. ಏರ್‌ಬ್ರಶ್ ಅಂದರೆ ಪೆನ್ನಿನಷ್ಟೇ ಇರುವ ಗನ್, ಕೂದಲೆಳೆಯಷ್ಟು ಸಣ್ಣಗೆ ಬಣ್ಣ ಬಿಡುತ್ತದೆ. ಅವನು ಬಂದ ಮೇಲೆ ಬೈಕಿನವರು ನನ್ನ ಕಡೆ ಬರುವುದು ನಿಂತಿತ್ತು. ನನಗೆ ಲಾರಿ, ಬಸ್ಸುಗಳ ಕೆಲಸವೇ ಕೈತುಂಬ ಇತ್ತು, ಬೈಕುಗಳು ಹೋದದ್ದರಿಂದ ನಷ್ಟವೇನೂ ಇರಲಿಲ್ಲ. ಆದರೂ ಅವನು ಬಣ್ಣ ಹಾಕಿದ ಬೈಕು ರಸ್ತೆಯಲ್ಲಿ ಎದುರಾದರೆ ನಾನು ಮುಖ ತಿರುಗಿಸುತ್ತಿದ್ದೆ. ತಿರುಗಿಸುವ ಮುಂಚೆ ಪೂರ್ತಿ ನೋಡಿರುತ್ತಿದ್ದೆ. ಎಲ್ಲಾದರೂ ಒಂದು ತಪ್ಪು ಕಂಡರೆ ಆ ದಿನ ಊಟ ರುಚಿಸುತ್ತಿತ್ತು.

ವಸುಧಾ ಅವರೇ ಒಂದು ದಾರಿ ಮಾಡಿದರು. ಗೌತಮನ ಅಂಗಡಿಯಲ್ಲಿ ಜೀಪು ಹಿಡಿಯುವಷ್ಟು ಬೂತ್ ಇರಲಿಲ್ಲ. ಆದ್ದರಿಂದ ತಗಡಿನ ಕೆಲಸ ಮತ್ತು ಕಪ್ಪು ಬಣ್ಣ ನನ್ನದು, ಉರಿಯನ್ನು ಗೌತಮ ನನ್ನ ಬೂತಿನಲ್ಲೇ ಬಂದು ಬರೆಯುವುದು. ನಾನು ಒಪ್ಪಿದೆ. ಒಪ್ಪದಿದ್ದರೆ ನನ್ನ ಕೈಯಲ್ಲಿ ಆಗಲಿಲ್ಲವೆಂದು ಊರಿಗೆಲ್ಲ ತಿಳಿಯುತ್ತಿತ್ತು.

ಕಪ್ಪನ್ನು ನಾನು ಬಹಳ ಶ್ರದ್ಧೆಯಿಂದ ಹೊಡೆದೆ. ಹಳೆಯ ಬಣ್ಣವನ್ನು ತಗಡಿನವರೆಗೆ ಉಜ್ಜಿ, ತಗ್ಗುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹಾಕಿ, ಎಂಟುನೂರರ ಮರಳುಕಾಗದದಿಂದ ನೀರು ಹಾಕಿ ಉಜ್ಜಿ, ಮೂರು ಕೋಟು ಕಪ್ಪು ಕೊಟ್ಟೆ. ಗೌತಮ ಬಂದು ನೋಡಿ, "ಅಣ್ಣಾ, ನೀರು ನಿಂತಂಗ ಅದ ನೋಡ್ರಿ," ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ನನಗೆ ಮಾತ್ರ ದೊಡ್ಡವನೊಬ್ಬ ಸಣ್ಣವನ ಬೆನ್ನು ತಟ್ಟಿದ ಹಾಗೆ ಕೇಳಿಸಿತು.

ಅವನ ಕೆಲಸ ಒಂದು ಗುರುವಾರ ಬೆಳಿಗ್ಗೆ ಶುರುವಾಯಿತು. ಬಾನೆಟ್ಟನ್ನು ಬಿಚ್ಚಿ ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡ. ಮೂರು ಮಿಲಿಮೀಟರ್ ಅಗಲದ ತೆಳು ಟೇಪು ತೆಗೆದ. ನಾನಾಗಿದ್ದರೆ ಮೊದಲು ಸೀಮೆಸುಣ್ಣದಲ್ಲಿ ಆಕಾರ ಬರೆದುಕೊಳ್ಳುತ್ತಿದ್ದೆ. ಅವನು ಏನೂ ಬರೆಯಲಿಲ್ಲ. ಬಲಗೈಯಿಂದ ಟೇಪನ್ನು ಎಳೆಯುತ್ತ, ಎಡಗೈಯ ಹೆಬ್ಬೆರಳಿನಿಂದ ಒತ್ತುತ್ತ ಹೋದ. ಟೇಪು ಹೊರಳಿತು, ಬಳುಕಿತು, ತುದಿಗೆ ಬಂದು ಸೂಜಿಯಂತೆ ಸೇರಿತು. ಎಲ್ಲಿಯೂ ಕಿತ್ತು ಮತ್ತೆ ಅಂಟಿಸಲಿಲ್ಲ. ಪಕ್ಕದ ಶೆಡ್ಡಿನಲ್ಲಿ ವಾಹನಗಳ ತಗ್ಗು ತೆಗೆಯುವ ಮೆಹಬೂಬ್ ತನ್ನ ಸುತ್ತಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತ. "ಕ್ಯಾ ಹಾಥ್ ಹೈ, ಯಾರ್!" ಎಂದ. ಮೂವತ್ತೇಳು ವರ್ಷದಲ್ಲಿ ನನ್ನ ಕೈಯನ್ನು ಅವನು ಹಾಗೆ 'ಎಂಥ ಕೈ' ಎಂದು ಹೊಗಳಿದ್ದು ನೆನಪಿಲ್ಲ.

ಆ ಬಣ್ಣದ ಗುಟ್ಟನ್ನು ಓದುಗರಿಗೆ ಹೇಳಬೇಕು. ಗೌತಮ ಬಳಸಿದ್ದು ಬಣ್ಣವೇ ಅಲ್ಲ, ಪರ್ಲ್ ಎಂಬ ಪುಡಿ. ಅಭ್ರಕದ ಅತಿ ಸಣ್ಣ ಚೂರುಗಳಿಗೆ ಲೇಪ ಕೊಟ್ಟು ಮಾಡಿರುತ್ತಾರೆ. ಕನ್ನಡಿಯ ಚೂರಿನ ಹಾಗೆ ಅದು ಬೆಳಕು ನೇರವಾಗಿ ಬಿದ್ದರೆ ಮಾತ್ರ ಹೊಳೆಯುತ್ತದೆ. ತಾಮ್ರದ ಛಾಯೆಯ ಪರ್ಲನ್ನು ಸಣ್ಣ ತಕ್ಕಡಿಯಲ್ಲಿ ಒಂದೂವರೆ ಗ್ರಾಂ ತೂಗಿ, ಇನ್ನೂರು ಮಿಲಿಲೀಟರ್ ಪಾರದರ್ಶಕ ದ್ರಾವಣದಲ್ಲಿ ಕಲೆಸಿದ. ಒಂದೂವರೆ ಗ್ರಾಂ! ನಾನು ನಮೂನೆಗಳಿಗೆ ಬಣ್ಣವನ್ನು ಚಮಚದಲ್ಲಿ ಸುರಿದಿದ್ದೆ. ಆ ದ್ರಾವಣವನ್ನು ಟೇಪಿನ ಒಳಗೆ ಮಂಜಿನಂತೆ ಎರಡು ಸಲ ಹಾಯಿಸಿದ. ಟೇಪು ಕಿತ್ತಾಗ ಕಪ್ಪಿನ ಮೇಲೆ ಏನೂ ಕಾಣಲಿಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಅವನು ಟಾರ್ಚ್ ಹಚ್ಚಿ ಬಾನೆಟ್ಟಿನ ಮೇಲೆ ಹಿಡಿದ. ಕಪ್ಪಿನ ಆಳದಿಂದ ತಾಮ್ರದ ಉರಿ ಎದ್ದು ಬಂತು. ಟಾರ್ಚ್ ಸರಿದಂತೆ ಉರಿಯೂ ಸರಿಯಿತು, ಆರಿತು, ಮತ್ತೆ ಹತ್ತಿತು.

ಆ ಕ್ಷಣ ನನಗೆ ಆದದ್ದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ನಾನು ಅಷ್ಟು ಚಂದದ ಕೆಲಸ ಹಿಂದೆ ನೋಡಿರಲಿಲ್ಲ, ಇನ್ನು ನನ್ನ ಕೈಯಿಂದ ಅದು ಆಗುವಂಥದ್ದೂ ಅಲ್ಲ ಎಂಬುದು ಗೊತ್ತಾಯಿತು. ಮಧ್ಯಾಹ್ನ ನನ್ನ ಹೆಂಡತಿ ಕಸ್ತೂರಿ ಊಟ ತಂದವಳು ಅವನಿಗೆ ಇನ್ನೊಂದು ರೊಟ್ಟಿ ಹಾಕಿ, "ಗೌತಮ, ನಿನ್ನ ಕೈಯಾಗ ಏನ್ ಅದನೋ ತಮ್ಮಾ!" ಎಂದಳು. ಆ ರೊಟ್ಟಿಯನ್ನೂ ನಾನು ಎಣಿಸಿದೆ.

ಶುಕ್ರವಾರ ಕ್ಲಿಯರ್ ಕೋಟಿನ ದಿನ. ಕ್ಲಿಯರ್ ಕೋಟ್ ಅಂದರೆ ಎಲ್ಲದರ ಮೇಲೆ ಹೊಡೆಯುವ ಗಾಜಿನಂಥ ಪದರು. ಗೌತಮ ಬಾನೆಟ್ಟನ್ನು ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ, ಶುದ್ಧ ಮಾಡಿ, ಎಲ್ಲ ತಯಾರು ಮಾಡಿಟ್ಟು, ಕೈ ತೊಳೆದು ಊಟಕ್ಕೆ ಹೊರಗೆ ಕುಳಿತ. ನಾನು ಮುಂದಿನ ಶೆಡ್ಡಿನಲ್ಲಿ ಶಾಲೆಯ ಬಸ್ಸೊಂದರ ಡ್ಯಾಶ್‌ಬೋರ್ಡಿಗೆ ಪಾಲಿಶ್ ಒರೆಸುತ್ತಿದ್ದೆ. ಆ ಪಾಲಿಶ್‌ನಲ್ಲಿ ಸಿಲಿಕೋನ್ ಎಂಬ ಜಿಡ್ಡು ಇರುತ್ತದೆ. ಬಣ್ಣ ಹೊಡೆಯುವವರಿಗೆ ಸಿಲಿಕೋನ್ ಅಂದರೆ ವಿಷ. ಅದು ತಾಕಿದ ಜಾಗದಲ್ಲಿ ಹಸಿ ಕ್ಲಿಯರ್ ನಿಲ್ಲದೆ ಹಿಂದೆ ಸರಿದು, ಮೀನಿನ ಕಣ್ಣಿನಂಥ ದುಂಡನೆಯ ಕುಳಿಗಳು ಬೀಳುತ್ತವೆ. ಅದನ್ನು ಬೂತಿನ ಹತ್ತಿರಕ್ಕೂ ತರಬಾರದು ಎಂಬುದು ನನ್ನ ಶೆಡ್ಡಿನ ಮೊದಲ ನಿಯಮ. ಗೌತಮನಿಗೂ ನಾನೇ ಹೇಳಿಕೊಟ್ಟಿದ್ದೆ.

ಆ ಬಟ್ಟೆ ಕೈಯಲ್ಲಿರುವಾಗಲೇ ಉರಿಯನ್ನು ಇನ್ನೊಮ್ಮೆ ನೋಡಬೇಕೆನಿಸಿ ಬೂತಿನೊಳಗೆ ಹೋದೆ. ಬಟ್ಟೆ ಕೈಯಲ್ಲಿದ್ದದ್ದು ಆಕಸ್ಮಿಕ. ಅದರಿಂದ ಒರೆಸಿದ್ದು ಆಕಸ್ಮಿಕವಲ್ಲ. ಬಾನೆಟ್ಟಿನ ಬಲಭಾಗದ ಮೇಲೆ ಎಡಗೈಯಿಂದ ಒಮ್ಮೆ, ಒಂದೇ ಸಲ, ಕಮಾನಿನ ಹಾಗೆ ಬಟ್ಟೆ ಎಳೆದೆ. ಹೊರಗೆ ಬಂದು ಬಸ್ಸಿನ ಕೆಲಸ ಮುಂದುವರಿಸಿದೆ. ಕೈ ನಡುಗಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಬಗ್ಗೆ ಹೆದರಿಕೆಯಾಗುತ್ತದೆ.

ಗೌತಮ ಮಾಸ್ಕ್ ಹಾಕಿಕೊಂಡು ಮೊದಲ ಕೋಟು ಶುರು ಮಾಡಿದ. ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಎಡಭಾಗ ಕನ್ನಡಿಯಂತೆ ಹರಡಿತು. ಬಲಭಾಗಕ್ಕೆ ಬಂದು ಒಂದು ನಿಮಿಷವೂ ಆಗಿರಲಿಲ್ಲ, ಕುಳಿಗಳು ಒಂದೊಂದಾಗಿ ಬಾಯಿ ತೆರೆದವು. ಅವನು ಗನ್ ಇಳಿಸಿದ. ಬಗ್ಗಿ ನೋಡಿದ. ಮಾಸ್ಕ್ ತೆಗೆದು ಹೊರಗೆ ಬಂದವನ ಮುಖ ಬಿಳಿಚಿತ್ತು.

"ಅಣ್ಣಾ, ನನ್ನ ಪೈಪಿನಾಗ ಎಣ್ಣಿ ಬಂದದೇನೋ. ಏನ್ ಮಾಡಿದ್ನೋ ನಾ," ಎಂದ.

ಮುಂದಿನ ಎರಡು ಗಂಟೆ ಅವನು ತನ್ನ ತಪ್ಪನ್ನು ಹುಡುಕುವುದನ್ನು ನೋಡುತ್ತ ನಿಂತೆ. ಕಂಪ್ರೆಸರಿನ ನೀರು ಇಳಿಸಿದ. ಪೈಪು ಬಿಚ್ಚಿ ಬಿಳಿ ಕಾಗದದ ಮೇಲೆ ಗಾಳಿ ಬಿಟ್ಟು ಎಣ್ಣೆಯ ಕಲೆ ಬೀಳುತ್ತದೆಯೇ ಎಂದು ನೋಡಿದ. ಗನ್ನನ್ನು ಎರಡು ಸಲ ಬಿಚ್ಚಿ ತೊಳೆದ. ಗಾಜಿನ ತುಂಡಿನ ಮೇಲೆ ಕ್ಲಿಯರ್ ಹೊಡೆದ. ಒಂದೇ ಒಂದು ಕುಳಿಯೂ ಬೀಳಲಿಲ್ಲ. ಆಮೇಲೆ ಮತ್ತೆ ಬೂತಿನೊಳಗೆ ಹೋಗಿ ಬಾನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬಹಳ ಹೊತ್ತು ಏಳಲಿಲ್ಲ. ಎದ್ದು ಬಂದಾಗ ಅವನು ನನ್ನ ಕಡೆ ನೋಡಲಿಲ್ಲ.

ಸಂಜೆ ನಾಲ್ಕೂವರೆಗೆ ವಸುಧಾ ಬಂದರು. ಕುಳಿಗಳನ್ನು ನೋಡಿ, "ಇದೇನಾತು?" ಎಂದು ನಮ್ಮಿಬ್ಬರನ್ನೂ ನೋಡಿದರು. ಮೆಹಬೂಬನೂ ಅಲ್ಲೇ ನಿಂತಿದ್ದ.

ಗೌತಮ ಮುಂದೆ ಬಂದ. "ನನ್ನ ತಪ್ಪು ಮೇಡಂ. ಬಾನೆಟ್ ಪೂರಾ ಉಜ್ಜಿ ಮತ್ತ ಬರೀಬೇಕು. ನಾಕೈದು ದಿನ ಕೊಡ್ರಿ."

ನಾನು ಬಾಯಿ ತೆರೆಯಬಹುದಾಗಿದ್ದ ಹೊತ್ತು ಅದು. ತೆರೆಯಲಿಲ್ಲ. ವಸುಧಾ ಬೇಸರದಲ್ಲಿ ತಲೆಯಾಡಿಸಿ ಹೊರಟುಹೋದರು.

ಮಾರನೆಯ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಕುಳಿತಿದ್ದಾಗ ಮೆಹಬೂಬ್ ಬಂದು ಪಕ್ಕದಲ್ಲಿ ಕುಳಿತ. ಗೌತಮನ ಕೆಲಸ ಕೆಟ್ಟ ಸುದ್ದಿ ಅಷ್ಟರಲ್ಲಿ ವಾಡಿ ತುಂಬ ಹರಡಿತ್ತು. ಮೆಹಬೂಬನ ತಮ್ಮನ ಬೈಕು ಮತ್ತು ಅವನ ಗೆಳೆಯರ ಎರಡು ಬೈಕು ಆ ವಾರ ಗೌತಮನ ಅಂಗಡಿಗೆ ಹೋಗಬೇಕಿತ್ತಂತೆ.

"ಅಲ್ಲಿ ಬ್ಯಾಡ ಅಂದೀನಿ," ಎಂದ ಮೆಹಬೂಬ್. "ಹೊಸಾ ನಮೂನಿ ಕೆಲಸ ಅಂತ ಹೋಗಿ ಗಾಡಿ ಕೆಡಿಸ್ಕೊಳ್ಳದು ಯಾಕ? ಸೂರ್ಯಕಾಂತ ಭಾಯಿ ಅಂದ್ರ ಪಕ್ಕಾ ಕೆಲಸ. ನಿಮ್ಮ ಕಡೇನೇ ಕಳಸ್ತೀನಿ."

ಎರಡು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಈಗ ಅದನ್ನು ಹೇಳಿದವನು ನನ್ನ ಹಳೆಯ ಗೆಳೆಯ, ಹೇಳಿದ್ದು ಮನಸಾರೆ. ನಿನ್ನೆ ಒರೆಸಿದ್ದು ಒಂದು ಬಾನೆಟ್ಟಿನ ಮೇಲೆ ಎಂದುಕೊಂಡಿದ್ದೆ. ಒಬ್ಬ ಕಸುಬುದಾರನ ಹೆಸರನ್ನೇ ಒರೆಸಿಹಾಕಿದ್ದೇನೆಂದು ಆಗ ತಿಳಿಯಿತು. ಹೆಸರು ಕಟ್ಟಲು ಎಷ್ಟು ವರ್ಷ ಬೇಕೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಚಹಾದ ಲೋಟವನ್ನು ಅಲ್ಲೇ ಇಟ್ಟು ಎದ್ದೆ.

"ಮೆಹಬೂಬ್, ಗೌತಮ ಕೆಡಿಸಿಲ್ಲ. ನಾ ಕೆಡಿಸೀನಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಟ್ಟೆಯ ಸಂಗತಿ ಹೇಳಿದೆ. ಅವನು ನನ್ನನ್ನೇ ನೋಡುತ್ತ ಕುಳಿತ. ಅಂಗಡಿಯಲ್ಲಿದ್ದ ನಾಲ್ಕೈದು ಜನರೂ ನೋಡಿದರು.

ಅಲ್ಲಿಂದ ನೇರ ಬೈಕಿನಲ್ಲಿ ಶಹಾಬಾದಿಗೆ ಹೋದೆ. ಗೌತಮ ಅಂಗಡಿಯಲ್ಲಿ ಟೇಪುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಕುಂದ್ರಿ ಅನ್ನಲಿಲ್ಲ. ನಿಂತೇ ಹೇಳಿದೆ. "ನಿನ್ನ ಪೈಪಿನಾಗ ಏನೂ ಇದ್ದಿಲ್ಲ. ನಾ ಪಾಲಿಶ್ ಬಟ್ಟಿ ಎಳದೀನಿ."

"ನಂಗ ನಿನ್ನೇನೇ ಗೊತ್ತಾಗ್ಯದ," ಎಂದ. "ಎಣ್ಣಿ ಬಂದಿದ್ರ ಎಲ್ಲಾ ಕಡಿ ಬೀಳ್ತಿತ್ತು. ಇದು ಒಂದ ಪಟ್ಟಿ ಇತ್ತು. ಅದು ಬಾಗಿದ್ದ ರೀತಿ ನೋಡಿದ್ರ ಎಡಗೈದಿಂದ ಒರೆಸಿದ್ದು. ನಮ್ಮಿಬ್ಬರಾಗ ಎಡಚ ಯಾರಂತ ನಂಗ ಗೊತ್ತಿಲ್ಲೇನ್ರಿ?"

"ಗೊತ್ತಿದ್ದೂ ಮೇಡಂ ಮುಂದ ನಿಂದೇ ತಪ್ಪಂತ ಯಾಕ ಹೇಳ್ದಿ?"

ಅವನ ದನಿ ಏರಿತು. ಹನ್ನೊಂದು ವರ್ಷದಲ್ಲಿ ನನ್ನ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು. "ಎಲ್ಲಾರ ಮುಂದ ನಿಮ್ಮ ಹೆಸರು ಹ್ಯಾಂಗ ಹೇಳ್ಲಿ? ಗನ್ ಹಿಡಿಯೋದು ಕಲಿಸಿದವರು ನೀವು. ಸಿಟ್ಟು ಭಾಳ ಬಂದಿತ್ತು. ಸಾಮಾನು ಕಟ್ಕೊಂಡು ಎದ್ದು ಹೋಗಬೇಕಂತ ಮಾಡಿದ್ದೆ. ನೀವಾಗೇ ಬಾಯಿ ಬಿಡ್ತೀರಿ ಅಂತ ಕಾಯ್ದೆ ಅಣ್ಣಾ. ಮೇಡಂ ನಿಂತಾಗನೂ ಕಾಯ್ದೆ."

"ತಪ್ಪಾಗ್ಯದ," ಎಂದೆ. ಇನ್ನೂ ಏನೇನೋ ಹೇಳಬೇಕೆಂದುಕೊಂಡು ಹೋಗಿದ್ದೆ, ಅದೊಂದೇ ಹೊರಗೆ ಬಂತು. ಅವನ ಮುಂದೆಯೇ ವಸುಧಾ ಅವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಯಾವುದೋ ಹಟ್ಟಿಯಲ್ಲಿದ್ದರು, ಹಿಂದೆ ಎಮ್ಮೆ ಕೂಗುವುದು ಕೇಳುತ್ತಿತ್ತು. "ನಿನ್ನಿ ನಾ ಅವರಿಗಿ ಒಂದ್ ಮಾತೂ ಆಡದ ಬಂದೀನಿ. ಅದೀಗ ನನಗ ಕೆಟ್ಟ ಅನಸ್ತದ. ಗೌತಮ ಅವರಿಗಿ ಫೋನ್ ಕೊಡ್ರಿ," ಎಂದರು. ನನಗೆ ಬೇರೇನೂ ಹೇಳಲಿಲ್ಲ.

ಅವರು ಮಾತಾಡಿದ್ದು ಮುಗಿದ ಮೇಲೆ ಗೌತಮ ಚೀಲ ಹೆಗಲಿಗೆ ಹಾಕಿಕೊಂಡ. "ಕೆಲಸ ಮುಗಸ್ತೀನಿ. ಅವರ ಸಲುವಾಗಿ. ಬಾನೆಟ್ ನೀವೇ ಉಜ್ಜಬೇಕು. ಮಷೀನ್ ಹಚ್ಚಬ್ಯಾಡ್ರಿ, ಕೈಲೇ. ಮತ್ತ ಇದು ಮುಗದ ಮ್ಯಾಲ ನಾ ನಿಮ್ಮ ಶೆಡ್ಡಿಗಿ ಬರಂಗಿಲ್ಲ."

ಕೆಟ್ಟ ಕ್ಲಿಯರ್ ಗಟ್ಟಿಯಾಗಲು ಭಾನುವಾರದವರೆಗೆ ಬಿಟ್ಟು, ಸೋಮವಾರ ಇಡೀ ದಿನ ಉಜ್ಜಿದೆ. ಮೊದಲು ಸಿಲಿಕೋನ್ ಹೋಗುವಂತೆ ದ್ರಾವಣದಲ್ಲಿ ಮೂರು ಸಲ ತೊಳೆದೆ, ಪ್ರತಿ ಸಲ ಹೊಸ ಬಟ್ಟೆ. ಆಮೇಲೆ ನಾನೂರು, ಆರುನೂರು, ಎಂಟುನೂರರ ಕಾಗದ. ಮುಗಿಯದ ಕೆಲಸ ಮಂಗಳವಾರಕ್ಕೂ ಹೋಯಿತು. ಗೌತಮನ ಉರಿ ನನ್ನ ಬೆರಳ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಬೂದಿ ಬಣ್ಣದ ನೀರಾಗಿ ಹರಿದುಹೋಯಿತು. ಅಳಿಸುವಾಗ ಒಂದೊಂದೇ ಗೆರೆಯನ್ನು ನೋಡಬೇಕಾಯಿತು. ಒಂದು ನಾಲಿಗೆ ಇನ್ನೊಂದರ ಕೆಳಗೆ ಹಾದುಹೋಗುವ ಕಡೆ ಪರ್ಲನ್ನು ಅವನು ಎಷ್ಟು ತೆಳುವಾಗಿಸಿದ್ದ ಎಂಬುದು ಉಜ್ಜಿದವನಿಗೆ ಮಾತ್ರ ತಿಳಿಯುವಂಥದ್ದು. ಅಂದು ಮನೆಯಲ್ಲಿ ಕಸ್ತೂರಿಗೂ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಅಂವಗ ರೊಟ್ಟಿ ಹಾಕಿದ್ದು ನಿಮ್ಮ ಕಣ್ಣಿಗಿ ಬಿತ್ತು. ಇಷ್ಟು ವರ್ಷ ನಿಮಗ ಹಾಕಿದ್ದು ಬೀಳಲಿಲ್ಲೇನ್ರಿ?" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಮತ್ತೆ ಕಪ್ಪು ಹೊಡೆದುಕೊಟ್ಟೆ. ಗೌತಮ ಎರಡು ದಿನ ಬಂದು ಮತ್ತೆ ಉರಿ ಬರೆದ. ಬೇಕಾದ್ದಕ್ಕಷ್ಟೇ ಮಾತು. ಊಟಕ್ಕೆ ಹೋಗುವಾಗ ಬೂತಿಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡ. ನನ್ನ ಬೂತು, ನನ್ನ ಬೀಗ.

ಯುಗಾದಿಗೆ ಮೂರು ದಿನ ಮೊದಲು ಜೀಪು ಒಯ್ಯಲು ವಸುಧಾ ಬಂದರು. ಜೊತೆಗೆ ತಂದೆಯೂ ಬಂದಿದ್ದರು. ಗೋವಿಂದಾಚಾರ್ಯರು ಎತ್ತರದ ಆಳು, ಬಿಳಿ ಪಂಚೆ, ಕೈಯಲ್ಲಿ ಕೊಡೆ. ಶೆಡ್ಡಿನ ನೆರಳಲ್ಲಿ ಜೀಪಿನ ಸುತ್ತ ಒಂದು ಸುತ್ತು ಬಂದರು. "ಸ್ವಚ್ಛ ಕರಿ ಅದ. ಛಲೋ ಆಗ್ಯದ," ಎಂದು ಮುಂದಿನ ಸೀಟಿನಲ್ಲಿ ಕುಳಿತರು. ವಸುಧಾ ನಮ್ಮ ಕಡೆ ನೋಡಿ ನಗು ತಡೆದುಕೊಂಡು ಜೀಪನ್ನು ಹೊರಗೆ ತೆಗೆದರು.

ಹನ್ನೊಂದು ಗಂಟೆಯ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದದ್ದೇ, ಮುಂತುದಿಯಿಂದ ಗಾಜಿನವರೆಗೆ ತಾಮ್ರದ ಉರಿ ಎದ್ದಿತು. ಒಳಗೆ ಕುಳಿತವರ ಕಣ್ಣೆದುರಿಗೇ ಅದು. ಮಗಳು ಗಾಡಿ ಹೊಡೆಯುವಾಗ ತಂದೆಯೂ ಪಕ್ಕದಲ್ಲೇ ಇರುತ್ತಾರೆ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ! ಜೀಪು ನಿಂತಿತು. ಮುದುಕರು ಇಳಿದು ಬಾನೆಟ್ಟಿನ ಮುಂದೆ ಬಂದರು. ಕೊಡೆ ಬಿಚ್ಚಿ ಅದರ ನೆರಳನ್ನು ಮೇಲೆ ಹಿಡಿದರು. ಉರಿ ಆರಿತು. ಕೊಡೆ ಸರಿಸಿದರು. ಹತ್ತಿತು. ಹೀಗೆ ಮೂರು ಸಲ ಮಾಡಿದರು.

"ವಸುಧಾ," ಎಂದರು, "ನನಗ ಅಂಜಿ ಅಡಗಿಸೀ ಏನವ್ವಾ ಇದನ್ನ?"

ವಸುಧಾ ತಲೆ ತಗ್ಗಿಸಿ "ಹೌದಪ್ಪಾ," ಎಂದರು.

"ಬ್ಯಾಡ ಅಂದೀನಿ ಖರೇ. ಆದ್ರ ಇಷ್ಟು ಚಂದ ಇರ್ತದಂತ ನನಗೇನ್ ಗೊತ್ತಿತ್ತು?" ಎಂದು ನನ್ನ ಕಡೆ ತಿರುಗಿದರು. ನೆರೆತ ಕೂದಲು ನೋಡಿ ನಾನೇ ಬರೆದವನೆಂದುಕೊಂಡಿರಬೇಕು. ಎರಡೂ ಕೈ ಜೋಡಿಸಿದರು. "ಇಷ್ಟು ವರ್ಷ ಮಾಡಿದ ಕೈ ಅಂದ್ರ ಇದೇ ನೋಡ್ರಿ. ಕಣ್ಣು ತುಂಬ್ತು."

ಗೌತಮ ಹತ್ತು ಹೆಜ್ಜೆ ದೂರದಲ್ಲಿ ಗನ್ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. ವಸುಧಾ ಏನೋ ಹೇಳಹೊರಟವರು ನನ್ನ ಮುಖ ನೋಡಿ ತಡೆದರು. ಆ ಕೈಮುಗಿತ ಎಷ್ಟು ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕ್ಷಣ ಅದರಲ್ಲೇ ನಿಲ್ಲಬೇಕೆನಿಸಿತು.

"ನನ್ನ ಕೈದಲ್ರಿ ಆಚಾರ್ರೆ," ಎಂದೆ. "ಅಲ್ಲಿ ನಿಂತಾನಲ್ರಿ ಗೌತಮ, ಅಂವಂದು. ನಾ ಬರೀ ಕರಿ ಹೊಡದೀನಿ. ಅಂವ ಬರದದ್ದು ನನಗ ಬರಂಗಿಲ್ಲ."

ಆಚಾರ್ಯರು ಗೌತಮನ ಹತ್ತಿರ ನಡೆದುಹೋಗಿ, ಬಣ್ಣ ಮೆತ್ತಿದ ಅವನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. ಹೊರಡುವಾಗ ನನ್ನನ್ನು ಮರೆಯಬಾರದೆಂದು, "ಕರಿನೂ ಛಲೋ ಹೊಡದೀರಿ," ಎಂದರು. ಆ ಸೌಜನ್ಯ ನನಗೆ ಚುಚ್ಚಿತು. ಅಂದರೆ ರೋಗ ಪೂರ್ತಿ ಹೋಗಿರಲಿಲ್ಲ.

ಗೌತಮ ಹೇಳಿದಂತೆಯೇ ಮತ್ತೆ ನನ್ನ ಶೆಡ್ಡಿಗೆ ಬರಲಿಲ್ಲ. ಮೆಹಬೂಬನ ತಮ್ಮನ ಬೈಕನ್ನು ನಾನೇ ಅವನ ಅಂಗಡಿಗೆ ಬಿಟ್ಟುಬಂದೆ. ಮರುವರ್ಷ ಅವನು ಶಹಾಬಾದಿನಲ್ಲಿ ತನ್ನದೇ ಬೂತ್ ಕಟ್ಟಿಸುವಾಗ, ಗಾಳಿ ಎಳೆಯುವ ಫ್ಯಾನು ನೆಲಕ್ಕೆ ಹತ್ತಿರವಿರಬೇಕೋ ಮೇಲಿರಬೇಕೋ ಎಂದು ಫೋನ್ ಮಾಡಿ ಕೇಳಿದ. ಕೆಳಗೆ ಇಡಲು ಹೇಳಿ, ಯಾಕೆಂದೂ ವಿವರಿಸಿದೆ. ಮಾತು ಅಷ್ಟಕ್ಕೆ ಮುಗಿಯಿತು. ಆ ಫೋನ್ ಬಂದ ದಿನ ನಾನು ಬಹಳ ಹೊತ್ತು ಕೆಲಸ ಮಾಡದೆ ಕುಳಿತಿದ್ದೆ.

ಈಗ ಮೊಣಕಾಲು ನೋವಿನಿಂದ ದೊಡ್ಡ ವಾಹನಗಳ ಕೆಲಸ ಬಿಟ್ಟಿದ್ದೇನೆ. ಹಿಂದಿರುಗಿ ನೋಡಿದರೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ಅಂದು ಬಾಗಿಲಲ್ಲಿ ನಿಂತು ನೋಡಿದ ಮೆಹಬೂಬನಿಗೆ, ಕಸ್ತೂರಿಗೆ ಹೊಟ್ಟೆಕಿಚ್ಚು ಬರಲಿಲ್ಲ. ಅವರಿಗೆ ಆ ಕೆಲಸ ಚಂದ ಕಂಡಿತು, ಹೊಗಳಿದರು, ಮುಗಿಯಿತು. ಅದು ಎಷ್ಟು ಕಷ್ಟದ್ದು, ಎಷ್ಟು ದೊಡ್ಡದು ಎಂಬುದು ಆ ಶೆಡ್ಡಿನಲ್ಲಿ ನನ್ನೊಬ್ಬನ ಕಣ್ಣಿಗೆ ಮಾತ್ರ ಕಂಡಿತ್ತು. ಆ ಕಣ್ಣನ್ನು ನನಗೆ ಕೊಟ್ಟದ್ದು ಮೂವತ್ತೇಳು ವರ್ಷದ ಕಸುಬು. ಇನ್ನೊಬ್ಬನ ಕೈ ನಮಗಿಂತ ಮೇಲು ಎಂದು ಗುರುತಿಸುವುದು ಸೋಲು ಎಂದುಕೊಂಡಿದ್ದೆ. ಅಷ್ಟು ವರ್ಷ ದುಡಿದು ನಾನು ಸಂಪಾದಿಸಿದ ದೊಡ್ಡ ವಿದ್ಯೆಯೇ ಅದಾಗಿತ್ತು. ಅದನ್ನು ಕೇಡಿಗೆ ಬಳಸುವ ಮುಂಚೆ ಅವನ ಪಕ್ಕದಲ್ಲಿ ಕುಳಿತು, "ಈ ಗೆರಿ ಹ್ಯಾಂಗ ಎಳದಿ, ನಂಗೂ ಹೇಳು," ಎಂದು ಕೇಳಿದ್ದರೆ, ಅವನು ಅಂದೇ ಹೇಳುತ್ತಿದ್ದ.